ಇಣುಕುಬಂಡೆ

ಹೊರಡುವ ದಿನ ಬೆಳಿಗ್ಗೆಯೇ ಹೊಸಬರ ಭುಜಕ್ಕೆ ಬಂಡೆಯಂಚಿನಿಂದ ಜೋತುಬಿಡುವ ಹಗ್ಗದ ಅಳತೆ ನೋಡಿಬಿಡಬೇಕು ಎಂಬುದು ಸಾಕಾಯಿ ಪಟ್ಟಣದ ಯಾತ್ರಾ ಸಂಘದ ಹಳೆಯ ಪದ್ಧತಿ. ದೊರೊಗಾವಾ ಊರಿನ ಛತ್ರದ ಜಗುಲಿಯ ಮೇಲೆ ಕೂತು ಶೋಗೊ ಕಾಲಿಗೆ ಬಿಳಿ ಪಟ್ಟಿ ಸುತ್ತಿಕೊಳ್ಳುತ್ತಿದ್ದಾಗ ಹಿಂದಿನಿಂದ ಎರಡು ಕೈ ಬಂದು ಅವನ ಭುಜಗಳನ್ನು ಹಿಡಿದವು. ತಿರುಗಿ ನೋಡದೆಯೂ ಅದು ಯಾರ ಕೈ ಎಂದು ಗೊತ್ತಾಯಿತು. ಐವತ್ತು ವರ್ಷ ಸಾಣೆಕಲ್ಲಿನ ಮೇಲೆ ಅಲಗು ಒತ್ತಿ ಒತ್ತಿ ಬೆರಳ ತುದಿಗಳು ಚಪ್ಪಟೆಯಾಗಿ ಹೋದ ಕೈ. ಅದೇ ಕೈ ಹನ್ನೆರಡು ವರ್ಷದ ಹಿಂದೆ ಅವನ ಕೈಯ ಮೇಲೆ ಕೂತು, ಚೂರಿಯನ್ನು ಎಷ್ಟು ಓರೆ ಹಿಡಿಯಬೇಕು, ಎಷ್ಟು ಒತ್ತಬೇಕು ಎಂದು ಕಲಿಸಿತ್ತು. ಈಗ ಅದು ಭುಜದ ಎಲುಬನ್ನು ಹುಡುಕಿ, ಹಗ್ಗ ಕೂರುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಇಲ್ಲಿ ಯಾರೂ ಕಳ್ಳ ಅಂದೂ ಇರಲಿಲ್ಲ, ಹೆಗಲನ್ನು ಬೇರೆಯವರೇ ಮುಟ್ಟಿ ನೋಡುತ್ತಿದ್ದರು. ಶೋಗೊ ಪಟ್ಟಿಯನ್ನು ಬಿಚ್ಚಿ ಮೊದಲಿನಿಂದ ಸುತ್ತತೊಡಗಿದ.

"ಸ್ವಲ್ಪ ಉಸಿರು ಎಳ್ಕೊಳ್ಳಿ, ಸಣ್ಣ ಯಜಮಾನ್ರೇ," ಅಂದ ಇಸಾಕು. "ಹಾಂ, ಸಾಕು. ನಿಮ್ದು ಅಗಲದ ಭುಜ. ಹಗ್ಗ ಜಾರಲ್ಲ ಬಿಡಿ."

"ನಂದೂ ನೋಡಿ ಅಜ್ಜ," ಅಂತ ಪಕ್ಕದಲ್ಲಿ ಕೂತಿದ್ದ ತೋಫು ಅಂಗಡಿಯ ಹಮಾಜಿ ಅಂಗಿ ಸರಿಸಿ ತೋರಿಸಿದ. ಈ ಸಲದ ಇಬ್ಬರೇ ಹೊಸಬರಲ್ಲಿ ಅವನು ಇನ್ನೊಬ್ಬ. "ನಂಗೆ ಭುಜಕ್ಕಿಂತ ಹೊಟ್ಟೆಗೆ ಕಟ್ಟೋದೇ ವಾಸಿ ಅನ್ಸುತ್ತೆ. ಹಿಡ್ಕೊಳ್ಳೋಕೆ ಜಾಗ ಬೇಕಾದಷ್ಟಿದೆ."

ಎಲ್ಲರೂ ನಕ್ಕರು. ಇಸಾಕೂ ನಕ್ಕ. ಎಪ್ಪತ್ತೊಂದು ವರ್ಷದ ಆ ಮುದುಕನ ನಗುವಿನಲ್ಲಿ ಏನಾದರೂ ಇದೆಯೇ ಎಂದು ಶೋಗೊ ಹುಡುಕಿದ. ಸಣ್ಣ ಯಜಮಾನ್ರು! ಸಾಕಾಯಿ ಪಟ್ಟಣದ ಆ ಸಾಣೆ ಕಾರ್ಖಾನೆಯಲ್ಲಿ ಬೇರೆ ಯಾರೂ ಅವನನ್ನು ಹಾಗೆ ಕರೆಯುತ್ತಿರಲಿಲ್ಲ. ಮೂರು ಹಿಡಿ ತವುಡಿದ್ದರೂ ಸಾಕು, ಮನೆಅಳಿಯನಾಗಬೇಡ ಎಂದು ಅವನ ಕಡೆ ಗಾದೆಯೇ ಇದೆ. ವಾಕಯಾಮಾದ ಕಿತ್ತಳೆ ತೋಟದವನ ಮೂರನೇ ಮಗನಿಗೆ ಆ ಮೂರು ಹಿಡಿಯೂ ಇರಲಿಲ್ಲವಾಗಿ ಇಪ್ಪತ್ತೊಂಬತ್ತಕ್ಕೆ ಚಿಜುರುವನ್ನು ಮದುವೆಯಾಗಿ, ಹೆಂಡತಿಯ ಮನೆತನದ ಹೆಸರು ಹೊತ್ತು, ಮಾವ ಗೆನ್‌ಜೊನ ಬಾಗಿಲಿಗೆ ಬಂದಿದ್ದ. ಪಕ್ಕದ ಕಾರ್ಖಾನೆಯವರು ಬೆನ್ನ ಹಿಂದೆ ಅವನನ್ನು ಕಿತ್ತಳೆ ಅನ್ನುತ್ತಿದ್ದರು. ಇಸಾಕು ಮಾತ್ರ ಮೊದಲ ದಿನದಿಂದಲೂ ಸಣ್ಣ ಯಜಮಾನ್ರೇ ಅನ್ನುತ್ತಿದ್ದ. ಹತ್ತು ತಿಂಗಳ ಹಿಂದಿನವರೆಗೆ ಆ ಮಾತು ಅವನಿಗೆ ಬೆಚ್ಚಗೆ ಅನಿಸುತ್ತಿತ್ತು. ಈಗ ಅದನ್ನು ಕೇಳಿದಾಗಲೆಲ್ಲ ಅವನು ಕೈಗೆ ಸಿಕ್ಕ ಕೆಲಸಕ್ಕೆ ತಲೆ ತಗ್ಗಿಸುತ್ತಿದ್ದ.

ಊರು ದಾಟಿ ಸೇತುವೆಯ ಬಳಿ ಬಂದಾಗ ಬಿಸಿಲು ಇನ್ನೂ ಕಣಿವೆಗೆ ಇಳಿದಿರಲಿಲ್ಲ. ಕಟ್ಟಿಗೆಯ ಹೆಬ್ಬಾಗಿಲು, ಪಕ್ಕದಲ್ಲಿ ಕಲ್ಲು: ಇಲ್ಲಿಂದ ಮುಂದೆ ಹೆಂಗಸರಿಗೆ ಪ್ರವೇಶವಿಲ್ಲ. ಬೀಳ್ಕೊಡಲು ಬಂದಿದ್ದ ಹೆಂಗಸರು ಆ ಕಲ್ಲಿನ ಈಚೆಗೆ ಸಾಲಾಗಿ ನಿಂತರು. ಚಿಜುರು ಅವನ ಕೊರಳಿನ ಟವೆಲನ್ನು ಸರಿಮಾಡುತ್ತ, ತಗ್ಗಿದ ದನಿಯಲ್ಲಿ ಅಂದಳು: "ರೀ, ಮುಖ ಯಾಕೆ ಹಾಗಿದೆ? ಬಂಡೆ ಮೇಲೆ ಅಪ್ಪ ಕೇಳಿದ್ದಕ್ಕೆಲ್ಲ ಹೂಂ ಅಂದ್ಬಿಡಿ, ಮುಗೀತು. ಹನ್ನೆರಡು ವರ್ಷದಿಂದ ಮನೇಲಿ ಅದನ್ನೇ ತಾನೇ ಮಾಡ್ತಿರೋದು?"

"ನೀನೂ ಬಂದಿದ್ರೆ ಚೆನ್ನಾಗಿತ್ತು."

"ಹೆತ್ತ ತಾಯಿಗೇ ದಾರಿ ಬಿಡ್ಲಿಲ್ಲ ಈ ಬೆಟ್ಟ, ನಂಗೆ ಬಿಡುತ್ತಾ?" ಅಂತ ಅವಳು ದಾರಿಯಲ್ಲಿ ಕೈಮುಗಿದು ಬಂದಿದ್ದ ಅಮ್ಮನ ಗುಡಿಯ ಕಡೆ ಗಲ್ಲ ತೋರಿಸಿದಳು. ಬೆಟ್ಟದ ಮೂಲಗುರು ಮೇಲೆ ತಪಸ್ಸಿಗೆ ಕೂತಿದ್ದಾಗ ಅವನ ತಾಯಿ ಮಗನನ್ನು ನೋಡಬೇಕೆಂದು ಹೊರಟಳಂತೆ. ಹೊಳೆಯ ಬಳಿ ಒಂದು ಹಾವು ಹೆಡೆ ಎತ್ತಿ ಅಡ್ಡ ನಿಂತಿತಂತೆ, ಮೂರು ಸಲ. ಮಗ ಇಳಿದು ಬಂದು, ಅಮ್ಮಾ ನೀನು ಇಲ್ಲೇ ಇರು ಎಂದು ಗುಡಿ ಕಟ್ಟಿಕೊಟ್ಟು ಹೋದನಂತೆ. ಚಿಜುರುವಿಗೆ ಚಿಕ್ಕಂದಿನಿಂದ ಆ ಕಥೆಯ ಮೇಲೆ ಸಿಟ್ಟು. ಇಲ್ಲೇ ಇವಳಿಗೆ ಹೇಳಿಬಿಟ್ಟರೆ ಹೇಗೆ ಎಂದು ಶೋಗೊಗೆ ಒಮ್ಮೆಲೇ ಅನಿಸಿತು. ಆ ಚೂರಿಗಳನ್ನು ಸುಟ್ಟಿದ್ದು ನಾನು ಕಣೇ. ಐದು ಮಾತು. ಬಾಯಿಯನ್ನೂ ತೆರೆದ. ಅಷ್ಟರಲ್ಲಿ ಮಾವ ಗೆನ್‌ಜೊ ಶಂಖ ಊದಿದ. ಹತ್ತು ಜನ ಬಿಳಿ ಬಟ್ಟೆಯವರು ಕೋಲು ಕುಟ್ಟಿಕೊಂಡು ಹೆಬ್ಬಾಗಿಲು ದಾಟಿದರು, ಅವರ ನಡುವೆ ಇವನೂ ದಾಟಿದ.

ಸಾಂಗೆ ಸಾಂಗೆ, ಎಂದು ಮುಂದಿದ್ದ ಗೆನ್‌ಜೊ ಕೂಗಬೇಕು, ರೊಕ್ಕೋನ್ ಶೋಜೋ, ಎಂದು ಹಿಂದಿನವರು ಎತ್ತಿಕೊಳ್ಳಬೇಕು. ತಪ್ಪೊಪ್ಪಿದೆ, ತಪ್ಪೊಪ್ಪಿದೆ, ಆರೂ ಇಂದ್ರಿಯ ತೊಳೆದುಹೋಗಲಿ. ದೇವದಾರು ಮರಗಳ ನಡುವೆ ಆ ಕೂಗು ಹೆಜ್ಜೆಯ ಲೆಕ್ಕಕ್ಕೆ ಸರಿಯಾಗಿ ಬೀಳುತ್ತಿತ್ತು, ಯಾವ ತಪ್ಪು ಎಂದು ಯಾರೂ ಕೇಳುತ್ತಿರಲಿಲ್ಲ. ಬಾಯಲ್ಲಿ ತಪ್ಪೊಪ್ಪಿದೆ ಅನ್ನುತ್ತ ಅನ್ನುತ್ತ ಶೋಗೊ ತನ್ನ ಮುಂದೆ ನಡೆಯುತ್ತಿದ್ದ ಇಸಾಕುವಿನ ಬೆನ್ನನ್ನು ನೋಡುತ್ತಿದ್ದ. ಬೆನ್ನ ಮೇಲೆ ಸುತ್ತಿದ ಸೆಣಬಿನ ಹಗ್ಗ, ಹೆಬ್ಬೆರಳಿಗಿಂತ ದಪ್ಪ, ಮುಟ್ಟಿ ಮುಟ್ಟಿ ನುಣುಪಾದದ್ದು. ಕಾರ್ಖಾನೆಯ ಕೆಲಸ ಬಿಟ್ಟರೂ ಸಂಘ ಬಿಡಬೇಕಾಗಿರಲಿಲ್ಲವಲ್ಲ. ನಲವತ್ತಾರು ಸಲ ಬೆಟ್ಟ ಹತ್ತಿದವನು ಇಸಾಕು, ಹಗ್ಗ ಹಿಡಿಯುವ ಹಕ್ಕು ಅವನದು. ಹನ್ನೆರಡು ವರ್ಷ ಸೊಂಟ ನೋವು, ಕೆಲಸದ ಅವಸರ, ಅಣ್ಣನ ಮನೆಯ ತಿಥಿ ಅಂತ ಏನೇನೋ ನೆಪ ಹೇಳಿ ತಪ್ಪಿಸಿಕೊಂಡಿದ್ದ ಶೋಗೊಗೆ ಈ ಸಲ ಮಾವ ನೆಪ ಹೇಳಲು ಬಿಟ್ಟಿರಲಿಲ್ಲ. "ಈ ಸಲ ನೀನು ಬರ್ತೀಯ," ಅಂದಿದ್ದ, ಉಪ್ಪಿನಕಾಯಿ ಕಡಿಯುತ್ತ. ಯಾಕೆ ಈ ಸಲ ಎಂದು ಕೇಳುವ ಧೈರ್ಯ ಶೋಗೊಗೆ ಆಗಿರಲಿಲ್ಲ.

ಹೋದ ಆಗಸ್ಟ್. ಇಪ್ಪತ್ನಾಲ್ಕು ಉದ್ದ ಮೀನುಚೂರಿಗಳು, ಕ್ಯೋತೋದ ಹಳೆಯ ಊಟದ ಮನೆಯೊಂದಕ್ಕೆ. ಹನ್ನೆರಡು ಇಸಾಕುವಿನ ಪಾಲಿಗೆ, ಹನ್ನೆರಡು ಇವನ ಪಾಲಿಗೆ, ಮುಗಿದ ಮೇಲೆ ಎಲ್ಲವೂ ಒಂದೇ ಪೆಟ್ಟಿಗೆಗೆ. ಸೆಖೆಯಲ್ಲಿ ತಗಡಿನ ಮಾಡು ಕಟಕಟ ಅನ್ನುತ್ತಿತ್ತು. ಚಕ್ರದ ಮೇಲೆ ಹನಿಯುವ ನೀರಿನ ಡಬ್ಬ ಖಾಲಿಯಾಗುತ್ತ ಬಂದಿತ್ತು. ಎದ್ದು ಹೋಗಿ ತುಂಬಿಸಿಕೊಂಡು ಬಂದರೆ ಐದು ನಿಮಿಷ. ಆದರೆ ಹನ್ನೊಂದೂವರೆಗೆ ಕೋಶಿಯೆನ್ ಮೈದಾನದಲ್ಲಿ ವಾಕಯಾಮಾದ ಶಾಲೆಯ ಹುಡುಗರ ಬೇಸ್‌ಬಾಲ್ ಪಂದ್ಯ, ಟಿವಿಯಲ್ಲಿ. ವರ್ಷಕ್ಕೊಮ್ಮೆ ಅವನು ಮನೆಅಳಿಯ ಎಂಬುದನ್ನು ಮರೆತು ತನ್ನ ಊರಿನವನಾಗುತ್ತಿದ್ದದ್ದು ಆಗ ಮಾತ್ರ. ಇನ್ನು ಹನ್ನೊಂದೇ ಅಲಗು, ನಡೆಯುತ್ತೆ ಎಂದು ಒತ್ತಿದ. ನೀರಿಲ್ಲದ ಚಕ್ರಕ್ಕೆ ಒತ್ತಿದರೆ ಅಲಗು ಕಾಯುತ್ತದೆ, ಕಾದರೆ ಉಕ್ಕಿನ ಹದ ಹೋಗುತ್ತದೆ, ಇದು ಮೊದಲ ವಾರವೇ ಕಲಿಯುವ ಪಾಠ. ಅಂಚಿನಲ್ಲಿ ಕೂದಲಿನಷ್ಟು ನೀಲಿ ಗೆರೆ ಕಾಣಿಸಿತು. ನುಣುಪು ಕಲ್ಲಿನಿಂದ ಉಜ್ಜಿ ಗೆರೆಯನ್ನು ತೆಗೆದುಬಿಟ್ಟ. ಬಣ್ಣ ಹೋಯಿತು. ಹದ ತಿರುಗಿ ಬರಲಿಲ್ಲ. ಪಂದ್ಯದಲ್ಲಿ ಅವನ ಊರಿನ ಹುಡುಗರೂ ಸೋತರು.

"ಯೋ ಮಾಯಿರಿ!" ಎಂದು ಮೇಲಿನಿಂದ ಇಳಿಯುತ್ತಿದ್ದ ಮುದುಕರ ಗುಂಪೊಂದು ಕೂಗಿತು. ಬೆಟ್ಟದಲ್ಲಿ ನಮಸ್ಕಾರ ಇಲ್ಲ, ಒಳ್ಳೆ ದರ್ಶನವಾಗಲಿ ಅನ್ನುವ ಈ ಒಂದೇ ಮಾತು. ಶೋಗೊ ಒಂದು ಕ್ಷಣ ತಡವಾಗಿ ತಿರುಗಿ ಕೂಗಿದ, ಒಂಟಿಯಾಗಿ ಎದ್ದ ತನ್ನ ದನಿಗೆ ತಾನೇ ನಾಚಿದ. ದಾರಿ ನೇರ ಚಹಾ ಅಂಗಡಿಯೊಂದರ ಒಳಗಿಂದಲೇ ಹಾದುಹೋಗುತ್ತಿತ್ತು. ಬೆಂಚುಗಳ ಮೇಲೆ ಕೂತು ಅನ್ನದ ಉಂಡೆ ಬಿಚ್ಚಿದರು. ಹಮಾಜಿ ಬೆವರು ಒರೆಸಿಕೊಳ್ಳುತ್ತ, ಮೂಲಗುರುವಿನ ಇಬ್ಬರು ರಾಕ್ಷಸ ಶಿಷ್ಯರ ಕಥೆ ತೆಗೆದ. ಅವರು ಗಂಡ ಹೆಂಡಿರು, ಐದು ಮಕ್ಕಳು, ಊರ ಮಕ್ಕಳನ್ನು ಹಿಡಿದು ತಿನ್ನುವುದೇ ಕಸುಬು. ಗುರು ಏನು ಮಾಡಿದ? ಅವರ ಕಡೆಯ ಕೂಸನ್ನು ತನ್ನ ಕಬ್ಬಿಣದ ಭಿಕ್ಷಾಪಾತ್ರೆಯ ಕೆಳಗೆ ಬಚ್ಚಿಟ್ಟ. ಇಬ್ಬರೂ ಬೆಟ್ಟವೆಲ್ಲ ಹುಡುಕಿ, ಎದೆ ಬಡಿದುಕೊಂಡು ಅತ್ತು, ಅವನ ಕಾಲಿಗೇ ಬಂದು ಬಿದ್ದರು.

"ಪಾತ್ರೆ ಪಕ್ಕದಲ್ಲೇ ಕೂತು ಏನೂ ಗೊತ್ತಿಲ್ದೋರ ಥರ ನೋಡ್ತಿದ್ನಲ್ಲ ಆ ಮಹಾನುಭಾವ, ಅವನ ಗಟ್ಟಿತನ ನೋಡಿ," ಅಂದ ಹಮಾಜಿ. "ನಾನಾಗಿದ್ರೆ ಅರ್ಧ ಗಂಟೆಗೇ ಪಾತ್ರೆ ಎತ್ತಿ ತೋರಿಸ್ಬಿಡ್ತಿದ್ದೆ."

"ಅದಕ್ಕೇ ನೀನು ತೋಫು ಮಾರ್ತಿರೋದು," ಅಂದ ಕ್ಷೌರದಂಗಡಿಯ ತ್ಸುದಾ.

ಇಸಾಕು ತನ್ನ ಉಂಡೆಯೊಳಗಿನ ಉಮೆ ಎಂಬ ಹುಳಿಹಣ್ಣಿನ ಉಪ್ಪಿನಕಾಯಿಯನ್ನು ಎಲೆಯ ಅಂಚಿಗೆ ತೆಗೆದಿಟ್ಟು, ಎಲೆಯನ್ನು ಶೋಗೊನ ಕಡೆ ತಳ್ಳಿದ. "ತಗೊಳ್ಳಿ ಸಣ್ಣ ಯಜಮಾನ್ರೇ. ಹುಳಿ ತಿಂದ್ರೆ ತಲೆ ಸುತ್ತು ಬರಲ್ಲ. ಮೊದಲ್ನೇ ಸಲ ನಂಗೂ ಬಂದಿತ್ತು." ಶೋಗೊ ತಿಂದ. ಇವನು ಯಾಕೆ ಹೀಗೆ ಮಾಡುತ್ತಾನೆ? ಹೊಸ ವರ್ಷಕ್ಕೆ ಒಣಗಿಸಿದ ಕಾಕಿ ಹಣ್ಣು ಕಳಿಸಿದ್ದ, ತಾನೇ ಕಟ್ಟಿ ತೂಗುಹಾಕಿ ಒಣಗಿಸಿದ್ದು, ಅದೂ ಶೋಗೊನ ಹೆಸರಿಗೆ. ಐವತ್ತು ವರ್ಷದ ಕೈಗೆ ತನ್ನ ಕೆಲಸ ಯಾವುದು, ಬೇರೆಯವರದು ಯಾವುದು ಎಂದು ಗೊತ್ತಾಗುವುದಿಲ್ಲವೇ? ಖಂಡಿತ ಗೊತ್ತು. ಗೊತ್ತಿದ್ದೂ ಆ ದಿನ ಬಾಯಿ ಬಿಡಲಿಲ್ಲ. ಹನ್ನೊಂದು ಚೂರಿ ವಾಪಸ್ ಬಂದಿದ್ದವು, ಅಂಚು ಬಿಸ್ಕತ್ತಿನ ಹಾಗೆ ಉದುರಿ. ಗೆನ್‌ಜೊ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿ, ನೇರ ಮಾಡಿ, ಬಹಳ ಹೊತ್ತು ನೋಡಿದ. ಆಮೇಲೆ ಕೆಳಗಿಟ್ಟು, "ಇಸಾಕಣ್ಣ, ಕಣ್ಣಿನ ಆಪರೇಷನ್ ಆದ್ಮೇಲೆ ಹೇಗಿದೆ?" ಎಂದು ಕೇಳಿದ. ಅಷ್ಟೇ ಕೇಳಿದ್ದು. ಕಾರ್ಖಾನೆಯಲ್ಲಿ ಚಕ್ರಗಳು ನಿಂತಿದ್ದವು. ಉಗುರಿನ ಸಂದಿನ ಸಾಣೆ ಕೆಸರನ್ನು ಶೋಗೊ ಕೆರೆದುಕೊಳ್ಳುತ್ತಿದ್ದ. ಆಗ ಹೇಳಬಹುದಿತ್ತು, ಮೂರು ಉಸಿರಿನಷ್ಟು ಹೊತ್ತು ಇತ್ತು. ಮೂರನೆಯ ಉಸಿರಿಗೆ ಇಸಾಕು ಹಣೆಯನ್ನು ನೆಲಕ್ಕೆ ಹಚ್ಚಿ ತಪ್ಪಾಯ್ತು ಯಜಮಾನ್ರೇ ಅಂದ. ಸಂಜೆ ಏಪ್ರನ್ ಮಡಿಸಿ, ತನ್ನ ಕಲ್ಲುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಗಳ ಮನೆಗೆ ಹೊರಟುಹೋದ.

ಮನೆತನದ ಮಾನ ಉಳಿಸಲು ಮುದುಕ ತಪ್ಪನ್ನು ತಲೆಯ ಮೇಲೆ ಹಾಕಿಕೊಂಡ, ಎಂದು ಶೋಗೊ ತನಗೆ ತಾನೇ ವಿವರಿಸಿಕೊಂಡಿದ್ದ. ಮೊದಲ ತಿಂಗಳು ಅದಕ್ಕಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ಆಮೇಲೆ ಭಯವಾಯಿತು, ಆಮೇಲೆ, ನಾಚಿಕೆ ಬಿಟ್ಟು ಹೇಳಬೇಕೆಂದರೆ, ದ್ವೇಷ ಹುಟ್ಟಿತು. ಗೊತ್ತಿದ್ದೂ ಸುಮ್ಮನಿರುವವನ ಒಳ್ಳೆಯತನವನ್ನು ಸಹಿಸುವುದು ಸುಲಭವಲ್ಲ. ಬೈದಿದ್ದರೆ, ಒಂದು ಏಟು ಹೊಡೆದಿದ್ದರೆ ಆಗುತ್ತಿತ್ತು. ಈಗ ನೋಡಿದರೆ ಉಪ್ಪಿನಕಾಯಿ ಕೊಡುತ್ತಾನೆ. ಇನ್ನೆರಡು ಗಂಟೆಗೆ ಅವನ ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ತಾನು. ಒಂದು ಸಲ, ಒಂದೇ ಒಂದು ಸಲ, ಮುದುಕನ ಕೈ ಸಡಿಲಾದರೆ? ವಯಸ್ಸಾಗಿತ್ತು, ಕಣ್ಣು ಬೇರೆ ಸರಿಯಿರಲಿಲ್ಲ ಪಾಪ, ಎಂದು ಎಲ್ಲರೂ ಅನ್ನುತ್ತಾರೆ. ಹಾಗೆ ಅನ್ನಲು ಕಲಿಸಿದ್ದು ತನ್ನ ಮೌನವೇ. ಶೋಗೊ ಉಮೆ ಬೀಜವನ್ನು ಅಂಗೈಗೆ ಉಗುಳಿಕೊಂಡು, ಎಲ್ಲಿ ಎಸೆಯುವುದೆಂದು ತೋಚದೆ ಜೇಬಿಗೆ ಹಾಕಿಕೊಂಡ.

ಸರಪಳಿ ಹಿಡಿದು ಹತ್ತುವ ಬಂಡೆಗಳು ಮುಗಿದ ಮೇಲೆ ಬೆಟ್ಟದ ನೆತ್ತಿಯ ಗಾಳಿ ಸಿಕ್ಕಿತು, ಬೆವರು ಒಮ್ಮೆಲೇ ತಣ್ಣಗಾಯಿತು. ಪಶ್ಚಿಮದ ಇಣುಕುಬಂಡೆ ಎಂದು ಹೆಸರು. ಅಲ್ಲಿಗೆ ಹೋಗುವವರೆಗೆ ಬಂಡೆ, ಆಮೇಲೆ ಏನೂ ಇಲ್ಲ. ಕೆಳಗಿನ ಕಾಡು ಪಾಚಿಯ ಹಾಗೆ ಕಾಣುತ್ತಿತ್ತು. ಅಂಚಿನ ಹಿಂದೆ ನೆಟ್ಟ ಕಬ್ಬಿಣದ ಗೂಟಕ್ಕೆ ಹಗ್ಗದ ಒಂದು ಸುತ್ತು ಹಾಕಿ, ಅದರ ತುದಿಯನ್ನು ಇಸಾಕೂ ತ್ಸುದಾನೂ ಹಿಡಿಯುತ್ತಾರೆ. ಹೊಸಬನ ಕಾಲಿನ ಮೇಲೆ ಮಂಡಿಯೂರಿ ಸಂಘದ ಮುಖ್ಯಸ್ಥ ಗೆನ್‌ಜೊ ಕೂರುತ್ತಾನೆ, ಪ್ರಶ್ನೆ ಕೇಳುವವನೂ ಅವನೇ. ಹೊಸಬ ಕೈಮುಗಿದುಕೊಂಡು, ಎದೆಯ ತನಕ ಅಂಚಿನಿಂದಾಚೆಗೆ ತಲೆಕೆಳಗಾಗಿ ಜೋತು, ಕೇಳಿದ್ದಕ್ಕೆಲ್ಲ ಹೂಂ ಅನ್ನಬೇಕು. ದನಿ ಸಣ್ಣದಾದರೆ, ಕೇಳಿಸ್ಲಿಲ್ಲ, ಜೋರಾಗಿ! ಎಂದು ಹಿಂದಿನವರು ಕೂಗುತ್ತಾರೆ, ಇನ್ನೊಂದು ಗೇಣು ಕೆಳಕ್ಕೆ ತಳ್ಳುತ್ತಾರೆ. ಈ ಕಡೆ ಹುಟ್ಟಿದ ಗಂಡಸರೆಲ್ಲ ಒಂದಲ್ಲ ಒಂದು ವರ್ಷ ಹೀಗೆ ಜೋತು ಬಂದವರೇ, ಅದನ್ನು ನೆನೆಸಿಕೊಂಡು ಆಮೇಲೆ ಜೀವಮಾನವಿಡೀ ನಗುವವರೇ.

"ನಮ್ಮನೆಯವನೇ ಮೊದ್ಲು," ಅಂದ ಗೆನ್‌ಜೊ.

ಇಸಾಕು ಅವನ ಭುಜಕ್ಕೆ ಕುಣಿಕೆ ಹಾಕಿದ. ಗಂಟು ಬಿಗಿಯುವಾಗ ಮುದುಕನ ಉಸಿರು ಕಿವಿಗೆ ತಾಗಿತು. ಶೋಗೊ ಹೊಟ್ಟೆಯ ಮೇಲೆ ಮಲಗಿ ತೆವಳಿದ. ಗಲ್ಲದ ಕೆಳಗೆ ಕಲ್ಲು ಇತ್ತು, ಇತ್ತು, ಆಮೇಲೆ ಇರಲಿಲ್ಲ. ರಕ್ತ ಕಣ್ಣಿಗೆ ನುಗ್ಗಿತು. ತನ್ನ ಮೂಗಿನಿಂದ ಒಂದು ಹನಿ ಬೆವರು ಬಿಟ್ಟು ಬಹಳ ದೂರ ಬಿದ್ದುಕೊಂಡು ಹೋಗುವುದನ್ನು ನೋಡಿದ.

"ಹಿರಿಯರ ಮಾತು ಕೇಳ್ತೀಯಾ?" ಮಾವನ ದನಿ ಕಾಲುಗಳ ಕಡೆಯಿಂದ ಬಂತು.

"ಹೂಂ."

"ಕೇಳಿಸ್ಲಿಲ್ಲ, ಜೋರಾಗಿ!" ಎಂದರು ಎಲ್ಲರೂ. ಮೈ ಒಂದು ಗೇಣು ಜಾರಿತು.

"ಹೂಂ! ಹೂಂ!"

"ಹೆಂಡ್ತೀನ ಚೆನ್ನಾಗಿ ನೋಡ್ಕೊಳ್ತೀಯಾ?"

"ಹೂಂ!"

"ಕಸುಬಲ್ಲಿ ಮೋಸ ಮಾಡದೆ ನಡ್ಕೊಂಡಿದೀಯಾ?"

ಇದು ಎಲ್ಲರಿಗೂ ಕೇಳುವ ಪ್ರಶ್ನೆಯೇ ಇರಬಹುದು. ಆದರೆ ತಲೆಕೆಳಗಾಗಿದ್ದವನಿಗೆ ಅದು ತನಗೆಂದೇ ಕಾದು ಕೂತಿದ್ದ ಹಾಗೆ ಕೇಳಿಸಿತು. ಭುಜದ ಮೇಲೆ ಹಗ್ಗ ಒಮ್ಮೆ ಅಲುಗಿತು. ಮುದುಕ ಹಿಡಿ ಬದಲಿಸಿರಬೇಕು. ಹೂಂ ಎಂದರೆ ಈಗ ಬಿಟ್ಟುಬಿಡುತ್ತಾನೆ ಎಂದು ಶೋಗೊಗೆ ಖಾತ್ರಿಯಾಯಿತು. ಹತ್ತು ತಿಂಗಳಿಂದ ಅವನು ಕಾದದ್ದು ಈ ಒಂದು ಸುಳ್ಳಿಗೆ.

"ಇಲ್ಲ!" ಎಂದು ಕಾಡಿನ ಕಡೆ ಮುಖ ಮಾಡಿ ಕೂಗಿದ. "ಮೋಸ ಮಾಡಿದೀನಿ!"

ಮೇಲೆ ತ್ಸುದಾ ಕಿಸಕ್ಕೆಂದ, ಹಮಾಜಿ ಹೋ ಎಂದು ನಕ್ಕ, ನಗು ಎಲ್ಲರಿಗೂ ಹಬ್ಬಿತು. "ಭಯಕ್ಕೆ ತಲೆ ತಿರುಗಿದೆ ಅಳಿಯಂಗೆ!" ಯಾರೋ ಅಂದರು. ಗೆನ್‌ಜೊನ ಮಂಡಿ ಕಾಲಿನ ಮೇಲೆ ಬಲವಾಗಿ ಬಿತ್ತು. "ತಪ್ಪು ಉತ್ತರ," ಎಂದ, ಬೇಗ ಬೇಗ. "ಇಳಿಸ್ರೋ ಇನ್ನೆರಡು ಗೇಣು!" ಸೊಂಟದವರೆಗೂ ಗಾಳಿ ಬಂತು. ಆಕಾಶ ಎಲ್ಲಿದೆ ಎಂದು ತಿಳಿಯಲಿಲ್ಲ. "ಇನ್ನೊಂದ್ಸಲ ಕೇಳ್ತೀನಿ. ಕಸುಬಲ್ಲಿ ಮೋಸ ಮಾಡದೆ ನಡ್ಕೊಂಡಿದೀಯಾ?" ಹೇಳು, ಹೇಳು, ಹೇಳು. ಶೋಗೊ ಹೇಳಿದ. ಹೂಂ ಅಂದ, ಮೂರು ಸಲ, ನಾಲ್ಕು ಸಲ, ಅಳುತ್ತ.

ಎಳೆದು ಹಾಕಿದಾಗ ಬೂದಿ ಬಣ್ಣದ ಕಲ್ಲಿನ ಮೇಲೆ ಮಂಡಿ ಮಡಿಸಿ ಕೂತ. ಮೂಗು ಸುರಿಯುತ್ತಿತ್ತು. ನಿಜ ಹೇಳಿದ್ದಕ್ಕೆ ಎಲ್ಲರೂ ನಕ್ಕರು, ಸುಳ್ಳಿಗೆ ಬೆನ್ನು ತಟ್ಟಿದರು. ಆದರೂ ಹೇಳಿದ್ದಂತೂ ಆಯಿತು ಎಂಬ ಒಂದು ನೀಚ ಸಮಾಧಾನ ಅವನಲ್ಲಿ ಆಗಲೇ ತಲೆ ಎತ್ತಿತ್ತು. ಕೇಳಿಸಿಕೊಳ್ಳದಿದ್ದರೆ ಅದು ಅವರ ಕರ್ಮ. ಇಸಾಕು ಅವನೆದುರು ಕುಕ್ಕರಗಾಲಲ್ಲಿ ಕೂತು ಗಂಟು ಬಿಚ್ಚತೊಡಗಿದ. ಉಳಿದವರು ಅಂಚಿನ ಬಳಿ ಹಮಾಜಿಯನ್ನು ರೇಗಿಸುತ್ತಿದ್ದರು.

"ಎಲ್ರಿಗೂ ಆಗುತ್ತೆ ಸಣ್ಣ ಯಜಮಾನ್ರೇ," ಅಂದ ಮುದುಕ, ಅವನಿಗೆ ಮಾತ್ರ ಕೇಳುವ ಹಾಗೆ. "ತಲೆಕೆಳಗಾದ್ರೆ ಇಲ್ದಿರೋ ತಪ್ಪೂ ನೆನಪಾಗುತ್ತೆ. ತಪ್ಪು ಮಾಡ್ದೋನು ನಾನು, ನಂಗೆ ಗೊತ್ತಲ್ಲ ಅದರ ಸಂಕಟ. ಈ ವರ್ಷ ಬರೋದೇ ಬೇಡ ಅಂತಿದ್ದೆ. ಹನ್ನೊಂದು ಚೂರಿ ಸುಟ್ಟ ಕೈ ಇದು, ಹಗ್ಗ ಹಿಡೀಬಹುದಾ ಅಂತ ನಿಮ್ಮ ಮಾವನ್ನೇ ಹೋಗಿ ಕೇಳ್ದೆ. ಹಿಡಿ ಇಸಾಕಣ್ಣ ಅಂದ್ರು. ದೊಡ್ಡ ಮನಸ್ಸು."

ಶೋಗೊ ತಲೆ ಎತ್ತಿದ. ಮುದುಕನ ಮುಖದಲ್ಲಿ ಹುಡುಕುವಂಥದ್ದು ಏನೂ ಇರಲಿಲ್ಲ. ಮೊದಲಿನಿಂದಲೂ ಇರಲಿಲ್ಲ.

"ಸುಟ್ಟಿದ್ದು ನಂಗೆ ಗೊತ್ತೇ ಆಗಿಲ್ಲ ಅನ್ನೋದೇ ನಂಗೆ ದೊಡ್ಡ ಭಯ," ಎಂದು ಇಸಾಕು ಗಂಟನ್ನು ಉಗುರಿನಿಂದ ಸಡಿಲಿಸುತ್ತ ಹೇಳುತ್ತಲೇ ಇದ್ದ. "ಕಣ್ಣು ಕಾಣ್ದಿದ್ರೆ ಹೋಗ್ಲಿ, ಬೆರಳಿಗೂ ತಿಳೀದೆ ಹೋಯ್ತಲ್ಲ. ಆವತ್ತಿಂದ ಮನೇಲಿ ಸೊಪ್ಪು ಹೆಚ್ಚೋ ಚೂರಿನೂ ಮಸೆದಿಲ್ಲ ನಾನು. ಮಗಳು ಅಂಗಡಿಗೆ ಕೊಟ್ಟು ಮಸೆಸ್ಕೊಂಡು ಬರ್ತಾಳೆ. ಕಲ್ಲುಗಳನ್ನ ಇಟ್ಕೊಂಡೇನು ಮಾಡ್ಲಿ ಅಂತ ಯಾಮಾತೋ ಹೊಳೆಗೆ ಹಾಕ್ಬಿಟ್ಟೆ."

"ಕಲ್ಲುಗಳನ್ನಾ?"

"ನಮ್ಮ ಗುರುಗಳದ್ದು. ಅವ್ರಿಗೆ ಅವ್ರ ಗುರುಗಳು ಕೊಟ್ಟಿದ್ದು."

ಆ ಕಲ್ಲುಗಳನ್ನು ಶೋಗೊ ಬಲ್ಲ. ಮೊಟ್ಟೆಯ ಬಣ್ಣದ ಒಂದು, ಬೂದಿ ಬಣ್ಣದ ಎರಡು. ಅಂಥ ಕಲ್ಲು ತೆಗೆಯುವ ಗಣಿಗಳೇ ಈಗ ಇಲ್ಲ. ಸಂಜೆ ಕೆಲಸ ಮುಗಿದ ಮೇಲೆ ಮುದುಕ ಅವನ್ನು ಕೂಸುಗಳ ಹಾಗೆ ತೊಳೆದು ನೆರಳಲ್ಲಿ ಒಣಗಿಸುತ್ತಿದ್ದ. ಹತ್ತು ತಿಂಗಳು ತಾನು ಒಬ್ಬ ಮಹಾತ್ಮನನ್ನು ಕಲ್ಪಿಸಿಕೊಂಡು ಅವನಿಗೆ ಹೆದರಿಕೊಂಡಿದ್ದ, ಅಷ್ಟೂ ಕಾಲ ಈ ಮನುಷ್ಯ ಮಗಳ ಮನೆಯ ಮೂಲೆಯಲ್ಲಿ ತನ್ನ ಬೆರಳುಗಳನ್ನೇ ನಂಬದೆ ಕೂತಿದ್ದ. ಗೊತ್ತಿದ್ದೂ ಸುಮ್ಮನಿದ್ದ ಒಬ್ಬನೇ ಒಬ್ಬ ತಾನು. ಈಗ ಕಾಲು ಹಿಡಿದು ಯಾರೂ ಕೂತಿರಲಿಲ್ಲ, ಹಗ್ಗ ಬಿಚ್ಚಿಯಾಗಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ. ಸುಮ್ಮನಿದ್ದರೆ ಸಂಜೆಗೆ ಬೆಟ್ಟ ಇಳಿದು, ಬಿಸಿನೀರಿನ ಸ್ನಾನ ಮಾಡಿ, ಸಾಕೆ ಕುಡಿದು ಮಲಗಬಹುದಿತ್ತು.

"ಅಜ್ಜ," ಅಂದ. "ನೀರಿನ ಡಬ್ಬ ಖಾಲಿಯಾಗಿತ್ತು. ನಾನು ತುಂಬಿಸ್ಲಿಲ್ಲ. ಮ್ಯಾಚ್ ನೋಡ್ಬೇಕಿತ್ತು. ಅಂಚು ನೀಲಿ ಆಯ್ತು, ಉಜ್ಜಿ ತೆಗೆದೆ. ಹನ್ನೊಂದೂ ನಂದೇ."

ಹಗ್ಗ ಸುತ್ತುತ್ತಿದ್ದ ಇಸಾಕುವಿನ ಕೈ ನಿಂತಿತು. ಅವನು ಶೋಗೊನನ್ನು ನೋಡಲಿಲ್ಲ, ತನ್ನ ಬೆರಳುಗಳನ್ನು ನೋಡಿದ. ಹೆಬ್ಬೆರಳಿನಿಂದ ತೋರುಬೆರಳ ತುದಿಯನ್ನು ಸವರಿದ, ಅಂಚು ಕೂತಿದೆಯೇ ಎಂದು ಅಲಗಿನ ಮೇಲೆ ಸವರುವ ಹಾಗೆ. ಬಹಳ ಹೊತ್ತು ಸವರಿದ.

"ಎಷ್ಟು ಹೊತ್ತು ನೀರಿರ್ಲಿಲ್ಲ?"

"ಇಪ್ಪತ್ತು ನಿಮಿಷ ಇರ್ಬಹುದು."

"ಇಪ್ಪತ್ತು ನಿಮಿಷ," ಅಂದ ಇಸಾಕು. ಆಮೇಲೆ, "ಏಳೋ. ನೀನು ಹಗ್ಗದ ಮೇಲೆ ಕೂತಿದೀಯ."

ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವನು ಏಕವಚನ ಬಳಸಿದ್ದ. ಶೋಗೊ ಎದ್ದು ಪಕ್ಕಕ್ಕೆ ಸರಿದ. ಮುದುಕ ಹಗ್ಗವನ್ನು ತೆಗೆದುಕೊಂಡು ಹೋಗಿ, ಏನೂ ಆಗಿಲ್ಲವೆಂಬಂತೆ ಹಮಾಜಿಯ ದಪ್ಪ ಭುಜಗಳಿಗೆ ಕುಣಿಕೆ ಹಾಕಿ, ಎರಡು ಸಲ ಎಳೆದು ನೋಡಿ, ಗೂಟಕ್ಕೆ ಸುತ್ತಿ, ತುದಿಯನ್ನು ಹಿಡಿದು ಕಾಲೂರಿ ನಿಂತ. ಹಮಾಜಿ ದೇವರನ್ನೂ ಹೆಂಡತಿಯನ್ನೂ ಒಟ್ಟಿಗೆ ಕರೆಯುತ್ತ ಅಂಚು ದಾಟಿದ. ಗೆನ್‌ಜೊ ಅವನ ಕಾಲುಗಳ ಮೇಲೆ ಮಂಡಿಯೂರಿದ. ಪ್ರಶ್ನೆ ಕೇಳಲು ಬಾಯಿ ತೆರೆದವನು ಹಗ್ಗದ ಕಡೆ ನೋಡಿದ.

"ಇಸಾಕಣ್ಣ, ಕೈ ನಡುಗ್ತಿದೆಯಲ್ಲ. ಬೇರೆಯವ್ರಿಗೆ ಕೊಡು."

"ನನ್ನ ಕೈಗೆ ಏನೂ ಆಗಿಲ್ಲ," ಅಂದ ಇಸಾಕು. ಕೂಗಲಿಲ್ಲ, ಆದರೆ ಎಲ್ಲರಿಗೂ ಕೇಳಿಸಿತು. "ಆವತ್ತೂ ಏನೂ ಆಗಿರ್ಲಿಲ್ಲ."

ಗೆನ್‌ಜೊ ಶೋಗೊನ ಕಡೆ ತಿರುಗಿದ. ಆ ನೋಟದಲ್ಲಿ ಆಶ್ಚರ್ಯ ಇರಲಿಲ್ಲ, ಸಿಟ್ಟು ಮಾತ್ರ ಇತ್ತು, ಹೇಳಬಾರದ್ದನ್ನು ಹೇಳಿಬಿಟ್ಟವನ ಮೇಲಿನ ಸಿಟ್ಟು. ಕಿಟಕಿಯ ಬೆಳಕಿಗೆ ಹಿಡಿದ ಅಲಗು ಶೋಗೊಗೆ ಕಣ್ಣೆದುರು ಬಂತು. ಓರೆ, ನೇರ, ಓರೆ. ಸಾಣೆಯ ಗೆರೆಗಳು ಕೈಬರಹದ ಹಾಗೆ, ಯಾರದೆಂದು ಓದಿಕೊಳ್ಳಲು ಮಾವನಿಗೆ ಅಷ್ಟು ಹೊತ್ತೂ ಬೇಕಿರಲಿಲ್ಲ. ಉಳಿದ ಹೊತ್ತು ಅವನು ಲೆಕ್ಕ ಹಾಕುತ್ತಿದ್ದ: ಮಗಳ ಗಂಡನೋ, ಕೆಲಸದ ಮುದುಕನೋ. ಕಾಲು ಒತ್ತಿ ಇನ್ನೆರಡು ಗೇಣು ಇಳಿಸಿ ಎಂದ ಅವಸರಕ್ಕೂ ಕಾರಣ ಅದೇ. ಹತ್ತು ತಿಂಗಳು ಮಾವ ಅಳಿಯ ಇಬ್ಬರೂ ಒಂದೇ ಮೇಜಿನಲ್ಲಿ ಎದುರು ಬದುರು ಕೂತು ಉಂಡಿದ್ದರು.

ಇಸಾಕೂ ಅದನ್ನು ಆ ಮುಖದಲ್ಲಿ ಓದಿರಬೇಕು. ಹಗ್ಗ ಅವನ ಎರಡೂ ಕೈಯಲ್ಲಿ ಬಿಗಿಯಾಗಿತ್ತು, ಅದರ ತುದಿಗೆ ಒಬ್ಬ ಮನುಷ್ಯನ ಭಾರ ಇತ್ತು, ಬಿಟ್ಟು ಹೋಗುವ ಹಾಗಿರಲಿಲ್ಲ.

"ಗೆನ್‌ಜೊ," ಅಂದ. ಹಳೆಯ ಯಜಮಾನರ ಐದು ವರ್ಷದ ಮಗನಾಗಿದ್ದ ಅವನನ್ನು ಬೆನ್ನ ಮೇಲೆ ಹೊತ್ತು ತಿರುಗಿದ ಕಾಲದಲ್ಲಿ ಕರೆದಿದ್ದನೇನೋ ಹಾಗೆ. "ನಿಂಗೆ ಗೊತ್ತಿತ್ತಾ?"

"ಹೂಂ! ಹೂಂ! ಎಲ್ಲದಕ್ಕೂ ಹೂಂ ಕಣ್ರಪ್ಪಾ!" ಎಂದು ಅಂಚಿನ ಕೆಳಗಿಂದ ಹಮಾಜಿ ಅರಚಿದ. ಯಾರೂ ನಗಲಿಲ್ಲ. ತ್ಸುದಾ ಹಗ್ಗದ ಮೇಲಿನ ತನ್ನ ಹಿಡಿತವನ್ನು ಬಿಗಿ ಮಾಡಿದ.

ಗೆನ್‌ಜೊ ಹಮಾಜಿಯ ಕಾಲುಗಳ ಮೇಲೆ ಮಂಡಿಯೂರಿದವನು ಹಾಗೆಯೇ ಇದ್ದ, ಎದ್ದರೆ ಹಮಾಜಿ ಜಾರುತ್ತಿದ್ದ. ಅವನ ತುಟಿ ಅಲುಗಿತು. ಹೂಂ ಎಂದನೋ ಏನೋ, ಗಾಳಿ ಇತ್ತು.

"ಕೇಳಿಸ್ಲಿಲ್ಲ," ಅಂದ ಇಸಾಕು. "ಜೋರಾಗಿ."